"ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಾ ಇದೆ" ಅಂದರೆ ಯಾರನ್ನ ಕೇಳೋದು?

ತ್ಯಾಗರಾಜನಗರದವಳು (ಚರ್ಚೆ ಶುರು ಮಾಡಿದವರು)

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ನಮ್ಮಮ್ಮನಿಗೆ 68. ಅಪ್ಪ ಹೋದ ಮೇಲೆ ಫ್ಯಾಮಿಲಿ ಪೆನ್ಷನ್‌ನಲ್ಲೇ ಜೀವನ. ಅಪ್ಪನ ಗ್ರ್ಯಾಚುಟಿಯಲ್ಲಿ ಮಿಕ್ಕಿದ್ದ 3 ಲಕ್ಷ ಒಂದು ಎಫ್‌ಡಿಯಲ್ಲಿತ್ತು. ಒಂದು ಖಾಸಗಿ ಬ್ಯಾಂಕು, ಹೆಸರು ಬೇಡ. ಎರಡು ತಿಂಗಳ ಹಿಂದೆ ಅವಧಿ ಮುಗಿಯಿತು. ರಿನ್ಯೂ ಮಾಡಿಸಲು ಅಮ್ಮ ಒಬ್ಬರೇ ಹೋದರು. ಕೊರಳಿಗೆ ಟ್ಯಾಗ್ ಹಾಕಿಕೊಂಡ ಹುಡುಗ ಕೂರಿಸಿ, ನೀರು ಕೊಟ್ಟು, "ಆಂಟಿ, ಇದಕ್ಕಿಂತ ಜಾಸ್ತಿ ಬರೋದು ಇನ್ನೊಂದಿದೆ" ಅಂದನಂತೆ. ಫೋನಿಗೆ ಎರಡು ಸಲ ಒಟಿಪಿ ಬಂತು. ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದರು. ಫೋನನ್ನೇ ಅವನ ಕೈಗೆ ಕೊಟ್ಟರು.

ಕೆಲವು ವಾರ ಬಿಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ದಪ್ಪ ಲಕೋಟೆ ಬಂತು. ಒಳಗಿದ್ದದ್ದು ಜೀವ ವಿಮೆ ಪಾಲಿಸಿ. ವರ್ಷಕ್ಕೆ 3 ಲಕ್ಷದ ಕಂತು, 10 ವರ್ಷ ಕಟ್ಟಬೇಕು. ಕೊನೆಯ ಕಂತು ಕಟ್ಟುವಾಗ ಅಮ್ಮನಿಗೆ 77.

ಅರ್ಜಿಯ ನಕಲು ಜೊತೆಗಿತ್ತು, ಓದಿದೆ. ವೃತ್ತಿ: ವ್ಯಾಪಾರ. ವರ್ಷದ ಆದಾಯ: 12 ಲಕ್ಷ. ಎತ್ತರ: 5 ಅಡಿ 6 ಇಂಚು. ನಮ್ಮಮ್ಮ ನಮ್ಮ ಮನೆ ತುಳಸಿಕಟ್ಟೆಗಿಂತ ಸ್ವಲ್ಪವೇ ಎತ್ತರ! ಅಮ್ಮನ ಹೆಸರು, ಹುಟ್ಟಿದ ವರ್ಷ ಸೇರಿಸಿ ಒಂದು ಇ-ಮೇಲ್ ವಿಳಾಸ ಕೂಡ ಇತ್ತು. ಅಮ್ಮನಿಗೆ ಇ-ಮೇಲೇ ಇಲ್ಲ.

ಬ್ರಾಂಚಿಗೆ ಹೋದೆ. ಮ್ಯಾನೇಜರ್ ಒಳ್ಳೆಯವರ ಹಾಗೇ ಮಾತಾಡಿದರು. ಮಾನಿಟರ್ ನನ್ನ ಕಡೆ ತಿರುಗಿಸಿ ಒಂದು ಹಸಿರು ಟಿಕ್ ತೋರಿಸಿದರು. "ಕಸ್ಟಮರ್ ಕನ್ಸೆಂಟ್ ಆಗಿದೆ ಮೇಡಂ. ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಾ ಇದೆ." ಆ ಹುಡುಗ ಎಲ್ಲಿ? ಬೇರೆ ಬ್ರಾಂಚಿಗೆ ಹೋದನಂತೆ. ಟೋಲ್ ಫ್ರೀಗೆ ಫೋನ್ ಮಾಡಿದರೆ ಬ್ರಾಂಚಿಗೆ ಹೋಗಿ ಅಂದರು.

ದುಡ್ಡಿನ ಹಿಂದೆ ಬಿದ್ದಿದ್ದೇನೆ, ಬಿಡುವುದಿಲ್ಲ. ಆದರೆ ಈ ಮಾತು ಈಗ ಎಲ್ಲಾ ಕಡೆ ಕೇಳುತ್ತಿದ್ದೇನೆ. ಬ್ಯಾಂಕು, ಆಸ್ಪತ್ರೆ ಬಿಲ್ಲಿಂಗ್ ಕೌಂಟರು, ಸರ್ಕಾರಿ ಕಚೇರಿ, ಆಪ್‌ಗಳು, ಎಲ್ಲರದ್ದೂ ಇದೇ. ಇಷ್ಟು ದೊಡ್ಡವರನ್ನೆಲ್ಲ ಎಷ್ಟು ನಂಬಬೇಕು? ಎಲ್ಲಿಂದ ಅನುಮಾನ ಶುರು ಮಾಡಬೇಕು? ಅಮ್ಮ ಈಗ ಹಾಲಿನ ಬೂತಿನವರು ಚಿಲ್ಲರೆ ಕೊಟ್ಟರೂ ಎರಡು ಸಲ ಎಣಿಸುತ್ತಾರೆ.

ಬೇಸತ್ತ ಬೆಂಗಳೂರಿಗ

ಎಲ್ಲಾ ಕಳ್ಳರೇ ಮೇಡಂ. ಬ್ಯಾಂಕು, ಕಂಪನಿ, ರಾಜಕಾರಣಿ, ಎಲ್ಲಾ ಒಂದೇ ತಟ್ಟೆಯಲ್ಲಿ ಉಣ್ಣೋರು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 3 ಲಕ್ಷ ಹೋಯಿತು ಅಂತ ಬರೆದುಕೊಳ್ಳಿ.

ನಿವೃತ್ತ ಕ್ಯಾಷಿಯರ್

ಮೇಡಂ, ಮೊದಲು ಬೇಸತ್ತವರ ಮಾತು ಕೇಳಬೇಡಿ. ಲಕೋಟೆ ಬಂದು ಎಷ್ಟು ದಿನ ಆಯಿತು? ಅದನ್ನು ಎಸೆದಿಲ್ಲ ತಾನೆ?

ನಾನು 31 ವರ್ಷ ಮೈಸೂರು ಬ್ಯಾಂಕಿನಲ್ಲಿದ್ದವನು. 1913ರಲ್ಲಿ ಶುರುವಾಗಿದ್ದು, 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕು ಹೋದರೂ ಮೈಸೂರು ಬ್ಯಾಂಕ್ ಸರ್ಕಲ್ ಅನ್ನುವ ಹೆಸರು ಉಳಿದಿದೆ, ಅಷ್ಟೇ ಸಮಾಧಾನ.

ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡಬಹುದು. ಫ್ರೀ ಲುಕ್ ಅನ್ನುತ್ತಾರೆ. ಮೊದಲು 15 ದಿನ ಇತ್ತು, 2024ರಲ್ಲಿ ವಿಮೆ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ 30 ಮಾಡಿತು. ಸ್ಟಾಂಪ್ ಖರ್ಚು, ಅಷ್ಟು ದಿನ ವಿಮೆ ಇದ್ದದ್ದಕ್ಕೆ ರಿಸ್ಕ್ ದುಡ್ಡು, ಮೆಡಿಕಲ್ ಮಾಡಿಸಿದ್ದರೆ ಅದು, ಇಷ್ಟು ಹಿಡಿದುಕೊಂಡು ಮಿಕ್ಕಿದ್ದು ಕೊಡಬೇಕು.

ಈಗ ಆ ಇ-ಮೇಲ್ ವಿಷಯಕ್ಕೆ ಬನ್ನಿ. ಅದು ಸುಮ್ಮನೆ ತುಂಬಿದ್ದಲ್ಲ. ಪಾಲಿಸಿಯನ್ನು ಮೊದಲು ಇ-ಮೇಲ್‌ಗೆ ಕಳಿಸಿರುತ್ತಾರೆ. ಆ ದಿನವೇ ನಿಮಗೆ ತಲುಪಿತು, 30 ದಿನ ಅಲ್ಲಿಂದ ಲೆಕ್ಕ ಅಂತ ವಾದ ಮಾಡಬಹುದು. ನಿಮ್ಮಮ್ಮನಿಗೆ ಗೊತ್ತೇ ಇಲ್ಲದ ಡಬ್ಬಿಯಲ್ಲಿ ಕಾಗದ ಕೂತಿರುತ್ತದೆ, ದಿನ ಓಡುತ್ತಿರುತ್ತದೆ. ಅದಕ್ಕೇ ಲಕೋಟೆ ಮೇಲಿನ ಅಂಚೆ ಮುದ್ರೆ ಮುಖ್ಯ. ಲಕೋಟೆ ಸಮೇತ ಫೋಟೊ ತೆಗೆದಿಡಿ.

ಆಮೇಲೆ ಬ್ಯಾಂಕಿಗೂ, ವಿಮೆ ಕಂಪನಿಗೂ ಬೇರೆಬೇರೆ ಪತ್ರ ಬರೆಯಿರಿ. ವೃತ್ತಿ, ಆದಾಯ, ಎತ್ತರ, ಇ-ಮೇಲ್, ಈ ನಾಲ್ಕು ಸುಳ್ಳನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಪಾಲಿಸಿ ನಿಮಗೆ ಒಪ್ಪಿಗೆ ತಾನೆ ಅಂತ ಕಂಪನಿ ಮಾಡುವ ವೆರಿಫಿಕೇಶನ್ ಕಾಲ್‌ನ ರೆಕಾರ್ಡಿಂಗ್ ಕೊಡಿ ಅಂತ ಕೇಳಿ. ಪತ್ರದ ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಬ್ಯಾಂಕು 30 ದಿನದೊಳಗೆ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಹೋಗಬಹುದು. ವಿಮೆಯ ಒಂಬುಡ್ಸ್‌ಮನ್ ಕಚೇರಿ ಜೆ.ಪಿ. ನಗರದಲ್ಲೇ ಇದೆ. ಎರಡಕ್ಕೂ ಫೀಸಿಲ್ಲ, ವಕೀಲರು ಬೇಕಿಲ್ಲ.

ಇನ್ನೊಂದು. ಯಾರ ಹತ್ತಿರ ಮಾತಾಡಿದರೂ ಪೂರ್ತಿ ಹೆಸರು, ತಾರೀಕು, ಹೊತ್ತು ಬರೆದಿಡಿ. ಹೆಸರು ಕೇಳಿದ ತಕ್ಷಣ ದನಿ ಬದಲಾಗುತ್ತದೆ, ನೋಡಿ ಬೇಕಾದರೆ.

ಆ ಹುಡುಗನ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳಬೇಡಿ. ತಿಂಗಳಿಗೆ ಇಷ್ಟು ವಿಮೆ ಮಾರಬೇಕು ಅಂತ ಟಾರ್ಗೆಟ್ ಇರುತ್ತದೆ. ಮೊದಲ ವರ್ಷದ ಕಂತಿನ ಮೇಲೆಯೇ ಬ್ಯಾಂಕಿಗೆ ಕಮಿಷನ್ ಜಾಸ್ತಿ. ಎಫ್‌ಡಿ ರಿನ್ಯೂ ಮಾಡಿದರೆ ಯಾರೂ ಅವನ ಬೆನ್ನು ತಟ್ಟುವುದಿಲ್ಲ.

ಬೇಸತ್ತ ಬೆಂಗಳೂರಿಗ

ಸಾರ್, ನೀವೂ ಅದೇ ಕುರ್ಚಿಯಲ್ಲಿ ಕೂತಿದ್ದವರು ತಾನೆ? ಆಗ ಏನು ಮಾಡಿದಿರಿ?

ನಿವೃತ್ತ ಕ್ಯಾಷಿಯರ್

ಸರಿಯಾಗೇ ಕೇಳಿದಿರಿ. ಕೊನೆಯ ಆರೇಳು ವರ್ಷ ನಮ್ಮ ಕೌಂಟರಿನಲ್ಲೂ ವಿಮೆ ಫಾರಂ ಇಟ್ಟಿದ್ದರು. ನಾನೂ ಎರಡು ಮಾರಿದ್ದೇನೆ. ಒಂದು ನನ್ನ ಷಡ್ಡಕನಿಗೆ. ಇವತ್ತಿಗೂ ಹಬ್ಬಕ್ಕೆ ಸಿಕ್ಕಿದಾಗ ಅದರ ಮಾತು ಬರುತ್ತದೆ.

ಬೆಳ್ಳಂದೂರು ಬಗ್

ನಾನು ಈ "ಸಿಸ್ಟಮ್" ಬರೆಯುವ ಕಡೆಯವನು. ಹತ್ತು ವರ್ಷದಿಂದ ಪೇಮೆಂಟ್, ಸಾಲ, ವಿಮೆ ಆಪ್‌ಗಳ ಪರದೆಗಳನ್ನು ಮಾಡುತ್ತಿದ್ದೇನೆ. ಅಕ್ಕ, ಆ ಹಸಿರು ಟಿಕ್ ಏನು ಅಂತ ಹೇಳುತ್ತೇನೆ.

ಅದು ನಿಮ್ಮಮ್ಮ ಒಪ್ಪಿದರು ಅನ್ನುವುದಕ್ಕೆ ಗುರುತಲ್ಲ. ಇಂಥ ನಂಬರಿಗೆ ಹೋದ ಆರು ಅಂಕಿ ಇಷ್ಟು ನಿಮಿಷದೊಳಗೆ ವಾಪಸ್ ಟೈಪ್ ಆಯಿತು, ಅಷ್ಟೇ. ಯಾರು ಟೈಪ್ ಮಾಡಿದರು, ಓದಿ ಮಾಡಿದರಾ, ಕನ್ನಡಕ ಇತ್ತಾ, ಇದ್ಯಾವುದೂ ಡೇಟಾಬೇಸ್‌ಗೆ ಗೊತ್ತಿಲ್ಲ. ಆ ಕಾಲಂಗೆ ನಾವು "ಕನ್ಸೆಂಟ್" ಅಂತ ಹೆಸರಿಡುತ್ತೇವೆ. ಆಮೇಲೆ ಮ್ಯಾನೇಜರ್, ವಕೀಲರು, ಕೋರ್ಟು ಎಲ್ಲರೂ ಆ ಹೆಸರನ್ನೇ ನಂಬುತ್ತಾರೆ. ಅಂಕಿ ಹೊಂದಿತು ಅಂತ ಹೆಸರಿಟ್ಟಿದ್ದರೆ ಯಾರೂ ಇಷ್ಟು ಧೈರ್ಯವಾಗಿ ಮಾನಿಟರ್ ತಿರುಗಿಸುತ್ತಿರಲಿಲ್ಲ.

ಮೀಟಿಂಗಿನಲ್ಲಿ ಯಾರೂ "ಮುದುಕಿಯರಿಗೆ ಮೋಸ ಮಾಡೋಣ" ಅನ್ನುವುದಿಲ್ಲ. ಅಲ್ಲೊಂದು ಗ್ರಾಫ್ ಇರುತ್ತದೆ. ನೂರು ಜನ ಬಂದರು, ಮೂರನೇ ಪರದೆಯಲ್ಲಿ ಮೂವತ್ತು ಜನ ಬಿಟ್ಟು ಹೋದರು, ಯಾಕೆ? ಅಲ್ಲಿ ಷರತ್ತು ಓದಲು ಬರುತ್ತಿತ್ತು, ಅದಕ್ಕೆ. ಸರಿ, ಷರತ್ತನ್ನು ಸಣ್ಣ ಲಿಂಕ್ ಮಾಡಿ, ಬಟನ್ ದೊಡ್ಡದು ಮಾಡಿ. ಮುಂದಿನ ವಾರ ಹದಿನೈದು ಜನ ಮಾತ್ರ ಬಿಟ್ಟು ಹೋಗುತ್ತಾರೆ. ಎಲ್ಲರಿಗೂ ಖುಷಿ, ಸಮೋಸ ಬರುತ್ತದೆ. ನಾನೂ ತಿಂದಿದ್ದೇನೆ.

2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಚಾಲಾಕಿತನಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. "ಡಾರ್ಕ್ ಪ್ಯಾಟರ್ನ್" ಅನ್ನುತ್ತಾರೆ. ಕೇಳದೆ ಬುಟ್ಟಿಗೆ ಸಾಮಾನು ಹಾಕುವುದು, ಬೇಡ ಅಂದರೆ ನಾಚಿಕೆಯಾಗುವ ಹಾಗೆ ಮಾಡುವುದು, ಸೇರುವುದು ಸುಲಭ ಬಿಡುವುದು ಕಷ್ಟ, ಹೀಗೆ. ಪಟ್ಟಿ ಓದಿದಾಗ ನಮ್ಮ ಟೀಮಿನಲ್ಲಿ ನಗು. ಅರ್ಧ ನಮ್ಮ ಕೆಲಸದ ಪಟ್ಟಿಯೇ ಆಗಿತ್ತು.

"ಸಿಸ್ಟಮ್ ತೋರಿಸ್ತಾ ಇದೆ" ಅನ್ನುವ ಮಾತು ಎಷ್ಟು ದೂರ ಹೋಗಬಹುದು ಅಂತ ನೋಡಬೇಕಾದರೆ ಬ್ರಿಟನ್ನಿನ ಅಂಚೆ ಕಚೇರಿ ಕಥೆ ನೋಡಿ. 1999ರಿಂದ ಅಲ್ಲಿನ ಸಣ್ಣ ಅಂಚೆ ಕಚೇರಿಗಳಿಗೆ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಂತು. ಮಾಡಿದ್ದು ಫುಜಿತ್ಸು. ಸಂಜೆ ಲೆಕ್ಕ ಮುಗಿಸಿದರೆ ಸಾವಿರಾರು ಪೌಂಡ್ ಕಮ್ಮಿ ತೋರಿಸುತ್ತಿತ್ತು. ತಪ್ಪು ಸಾಫ್ಟ್‌ವೇರಿನದು. ಕಳ್ಳ ಅನ್ನಿಸಿಕೊಂಡವರು ಪೋಸ್ಟ್ ಮಾಸ್ಟರುಗಳು. 2015ರವರೆಗೆ 900ಕ್ಕೂ ಜಾಸ್ತಿ ಜನರಿಗೆ ಶಿಕ್ಷೆಯಾಯಿತು. ಮನೆ ಮಾರಿದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ, ಜೀವ ಕಳೆದುಕೊಂಡವರಿದ್ದಾರೆ. ಕಂಪ್ಯೂಟರ್ ಸರಿಯಾಗೇ ಕೆಲಸ ಮಾಡುತ್ತದೆ ಅಂತ ಅಲ್ಲಿನ ಕಾನೂನೇ ಮೊದಲು ಒಪ್ಪಿಕೊಳ್ಳುತ್ತಿತ್ತು. ತಪ್ಪು ತೋರಿಸಬೇಕಾದವರು ಅಂಗಡಿ ಕೌಂಟರಿನ ಹಿಂದೆ ಕೂತ ಜನ. 555 ಜನ ಒಟ್ಟಾಗಿ ಕೋರ್ಟಿಗೆ ಹೋಗಿ 2019ರಲ್ಲಿ ಗೆದ್ದರು. ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡುವ ಕಾನೂನು ಬಂದಿದ್ದು 2024ರಲ್ಲಿ.

ಅಲ್ಲಿ ಪ್ರತಿಯೊಬ್ಬರಿಗೂ ಹೇಳಿದ್ದೇನು ಗೊತ್ತಾ? "ಬೇರೆ ಯಾರಿಗೂ ಹೀಗಾಗಿಲ್ಲ, ನಿಮಗೊಬ್ಬರಿಗೇ." ಅಕ್ಕ, ನಿಮ್ಮ ಬ್ರಾಂಚಿನ ಮುಂದೆ ಪೆನ್ಷನ್ ದಿನ ನಿಂತು ನಾಲ್ಕು ಜನ ಹಿರಿಯರನ್ನು ಮಾತಾಡಿಸಿ ನೋಡಿ.

ಮೂರು ಚಕ್ರ

ನಾನು ಆಟೋ ಓಡಿಸೋನು. ಬೆಳಿಗ್ಗೆಯಿಂದ ಓದ್ತಾ ಇದ್ದೀನಿ, ನಂದೂ ಹೇಳ್ತೀನಿ.

ಹೋದ ವರ್ಷ ಒಂದು ದಿನ ಬೆಳಿಗ್ಗೆ 5 ಗಂಟೆಗೆ ಯಶವಂತಪುರ ಸ್ಟೇಷನ್ ಹತ್ತಿರ ಆಪ್ ತೆಗೆದೆ. ಐಡಿ ಬ್ಲಾಕ್. ಕಾರಣ ಇಲ್ಲ. ಯಾವ ಆಪ್ ಅಂತ ಹೇಳಲ್ಲ, ಇನ್ನೂ ಅದರಲ್ಲೇ ಓಡಿಸ್ಬೇಕು. ಚಾಟ್‌ನಲ್ಲಿ ಕೇಳಿದರೆ "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ" ಅಂತ ಬಂತು. ಕನ್ನಡದಲ್ಲೇ ಬಂತು, ಅದೊಂದು ಸಂತೋಷ. ಏನು ಕೇಳಿದರೂ ಅದೇ ಉತ್ತರ. ಒಂದ್ಸಲ ಸಿಟ್ಟಿಗೆ "ಊಟ ಆಯ್ತಾ" ಅಂತ ಬರೆದೆ. "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ."

11 ದಿನ ಹಾಗೇ ಇತ್ತು. ಆಫೀಸ್ ಹುಡುಕಿಕೊಂಡು ಹೋದೆ. ಗಾಜಿನ ಬಿಲ್ಡಿಂಗು, ಸೆಕ್ಯುರಿಟಿ ಒಳಗೆ ಬಿಡಲಿಲ್ಲ. ಅವನು ನಮ್ಮ ಹಾಸನದ ಕಡೆಯವನೇ. "ಅಣ್ಣ, ದಿನಕ್ಕೆ ಇಪ್ಪತ್ತು ಜನ ನಿಮ್ಮ ಹಾಗೆ ಬರ್ತಾರೆ. ಒಳಗಿಂದ ಯಾರೂ ಇಳಿದು ಬಂದಿದ್ದು ನಾನು ನೋಡಿಲ್ಲ" ಅಂದ. ಹನ್ನೆರಡನೇ ದಿನ ತಾನಾಗೇ ಓಪನ್ ಆಯ್ತು. ಯಾಕೆ ಮುಚ್ಚಿದ್ದು, ಯಾಕೆ ತೆಗೆದಿದ್ದು, ಇವತ್ತಿಗೂ ಗೊತ್ತಿಲ್ಲ.

ಮುಂಚೆ ಪೊಲೀಸರು ಹಿಡಿದರೆ ಕೈಕಾಲು ಹಿಡಿದೋ ಜಗಳ ಆಡಿಯೋ ಏನೋ ಒಂದು ಮಾಡಬಹುದಿತ್ತು. ಇಲ್ಲಿ ಕೈಕಾಲೇ ಇಲ್ಲ.

ಹತ್ತು ರೂಪಾಯಿ ಅರ್ಜಿ

ಅಣ್ಣ, ನಿಮ್ಮ ಕೇಸಿಗೆ ಈಗ ಸ್ವಲ್ಪ ದಾರಿ ಇದೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ, ಅಂದರೆ ನಿಮ್ಮ ಹಾಗೆ ಆಪ್ ಮೂಲಕ ದುಡಿಯುವವರ, ಕಾನೂನು ತಂದಿದೆ. ಐಡಿ ತೆಗೆಯಬೇಕಾದರೆ 14 ದಿನ ಮುಂಚೆ ಕಾರಣ ಬರೆದು ನೋಟಿಸ್ ಕೊಡಬೇಕು. ಯಾರಿಗಾದರೂ ಪೆಟ್ಟಾದಂಥ ವಿಷಯ ಇದ್ದರೆ ಬೇರೆ. ಕಾರ್ಮಿಕರಿಗೆ ಕೊಡುವ ದುಡ್ಡಿನ ಮೇಲೆ 1ರಿಂದ 5 ಪರ್ಸೆಂಟ್‌ವರೆಗೆ ಕಲ್ಯಾಣ ಶುಲ್ಕ ಕಂಪನಿ ಕಟ್ಟಬೇಕು. ಕಾಗದದ ಮೇಲಿರುವುದು ರಸ್ತೆಗೆ ಇಳಿಯಲು ಹೊತ್ತಾಗುತ್ತದೆ, ನಿಜ. ಆದರೆ "ಯಾಕೆ" ಅಂತ ಕೇಳುವ ಹಕ್ಕು ಈಗ ಬರವಣಿಗೆಯಲ್ಲಿದೆ.

ನನ್ನ ಹೆಸರಿನ ಕಥೆ: ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಕರ್ನಾಟಕದಲ್ಲಿ 150 ಪದದೊಳಗೆ, ಒಂದೇ ವಿಷಯ ಕೇಳಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. 12 ವರ್ಷದಲ್ಲಿ ಅರವತ್ತಕ್ಕೂ ಜಾಸ್ತಿ ಹಾಕಿದ್ದೇನೆ. ಅರ್ಧಕ್ಕೆ ಸರಿಯಾದ ಉತ್ತರ ಬಂದಿಲ್ಲ. ಮಿಕ್ಕ ಅರ್ಧದಲ್ಲಿ ನಮ್ಮ ರಸ್ತೆಯ ಮೋರಿ ಎರಡು ಸಲ "ಕಟ್ಟಿದ್ದು" ಗೊತ್ತಾಯಿತು. ಮೋರಿ ಒಂದೇ ಇದೆ.

ಬೇಸತ್ತ ಬೆಂಗಳೂರಿಗ

ಗೊತ್ತಾಗಿ ಏನಾಯಿತು? ಎರಡನೇ ಮೋರಿಯ ದುಡ್ಡು ವಾಪಸ್ ಬಂತಾ?

ಹತ್ತು ರೂಪಾಯಿ ಅರ್ಜಿ

ಇಲ್ಲ. ಮೂರನೇ ಸಲ ಕಟ್ಟಲಿಲ್ಲ.

ಮೆಟ್ರೋ ಪ್ರಯಾಣಿಕೆ

ನಾನು ಸ್ವಲ್ಪ ಬೇರೆ ಮಾತಾಡಲಾ? ಸಂಶಯ ಜಾಸ್ತಿಯಾದರೂ ಕಷ್ಟ. ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಎಲ್ಲವನ್ನೂ ಸಂಶಯಿಸುತ್ತಾರೆ. ಲಸಿಕೆ ಮೋಸ, ಮತಯಂತ್ರ ಮೋಸ, ಸ್ಮಾರ್ಟ್ ಮೀಟರ್ ಮೋಸ, ಚಂದ್ರನ ಮೇಲೆ ಇಳಿದಿದ್ದೂ ಮೋಸ. ಆದರೆ ಅದೇ ಮನುಷ್ಯ ಯಾರೋ ಕಳಿಸಿದ ಫಾರ್ವರ್ಡ್ ನೋಡಿ ತಿಂಗಳಿಗೆ 4 ಪರ್ಸೆಂಟ್ ಬಡ್ಡಿಯ ಸ್ಕೀಮಿಗೆ ದುಡ್ಡು ಹಾಕಿದರು. ಯಾರನ್ನೂ ನಂಬದವರು ಕೊನೆಗೆ ಯಾರನ್ನಾದರೂ ನಂಬುತ್ತಾರೆ, ನೋಡಿ.

ಕೆಲಸ ಮಾಡುವುದು ಕೂಡ ಎಷ್ಟೋ ಇದೆ. ನಾನು ದಿನಾ ಹಸಿರು ಮಾರ್ಗದಲ್ಲಿ ಹೋಗುತ್ತೇನೆ. ಐದು ರೂಪಾಯಿ ಕೊತ್ತಂಬರಿ ಸೊಪ್ಪಿಗೂ ಯುಪಿಐ ಮಾಡುತ್ತೇನೆ. ಎಲ್ಲಾ ಕಳ್ಳರೇ ಆಗಿದ್ದರೆ ಇದು ನಡೆಯುತ್ತಿತ್ತಾ?

ಬೆಳ್ಳಂದೂರು ಬಗ್

ಯುಪಿಐ ಚೆನ್ನಾಗಿದೆ, ಒಪ್ಪಿದೆ. ಆದರೆ 2025ರ ಜುಲೈ ನೆನಪಿದೆಯಾ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕಾದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಅನ್ನುವುದು ಕಾನೂನು. ಇಲಾಖೆ ತಪ್ಪು ಕಾನೂನು ಹೇಳಲಿಲ್ಲ. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರ ಅಂತ ಯಂತ್ರ ಲೆಕ್ಕ ಹಾಕಿತು. ಹಾಲು, ತರಕಾರಿಗೆ ತೆರಿಗೆಯೇ ಇಲ್ಲ ಅನ್ನುವುದು ಆ ಲೆಕ್ಕಕ್ಕೆ ಬರಲಿಲ್ಲ. ಭಾವಮೈದ ಸಾಲ ವಾಪಸ್ ಕೊಟ್ಟಿದ್ದೂ ವ್ಯಾಪಾರವೇ.

ನಮ್ಮ ಮೂಲೆಯ ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಮೇಲೆ ಬಿಸ್ಕತ್ ಡಬ್ಬದ ರಟ್ಟು ಅಂಟಿಸಿ, ಮಾರ್ಕರಿನಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬರೆದರು. ಅದೇ ತಿಂಗಳ 23ಕ್ಕೆ ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೆ ಬಾಕಿ ಕೇಳುವುದಿಲ್ಲ ಅಂದರು. ರಟ್ಟು ಮಾತ್ರ ಇನ್ನೂ ಒಂದು ತಿಂಗಳು ಹಾಗೇ ಇತ್ತು. ನಂಬಿಕೆ ಹೋಗಲು ಒಂದು ಲಕೋಟೆ ಸಾಕು.

ನಿವೃತ್ತ ಕ್ಯಾಷಿಯರ್

ಬಡ್ಡಿ ಸ್ಕೀಮ್ ಅಂದಾಗ ನೆನಪಾಯಿತು. ಹಳೆಯವರಿಗೆ 90ರ ದಶಕದ ವಿನಿವಿಂಕ್ ಗೊತ್ತಿರುತ್ತದೆ, ಜಾಸ್ತಿ ಬಡ್ಡಿಯ ಆಸೆ ತೋರಿಸಿ ಮುಳುಗಿದ ಕಂಪನಿ. ಓದಿದವರೇ, ಮೇಷ್ಟ್ರುಗಳು, ನಿವೃತ್ತ ಅಧಿಕಾರಿಗಳು ದುಡ್ಡು ಹಾಕಿದ್ದರು. ಯಾಕೆ ಹಾಕಿದಿರಿ ಅಂದರೆ "ಇಂಥವರೇ ಹಾಕಿದ್ದಾರೆ" ಅನ್ನುತ್ತಿದ್ದರು. ಆ ಇಂಥವರನ್ನು ಕೇಳಿದರೆ ಇನ್ನೊಬ್ಬರ ಹೆಸರು.

2020ರ ಜನವರಿಯಲ್ಲಿ ಬಸವನಗುಡಿಯ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. 35,000 ರೂಪಾಯಿಗಿಂತ ಜಾಸ್ತಿ ತೆಗೆಯುವ ಹಾಗಿಲ್ಲ. ಅಲ್ಲಿ ಠೇವಣಿ ಇಟ್ಟಿದ್ದ ಎಷ್ಟೋ ಜನ ನನ್ನ ವಾಕಿಂಗ್ ಗೆಳೆಯರು. ಬೆಳಿಗ್ಗೆ ನಾಲ್ಕು ಸುತ್ತು ಹೊಡೆಯುತ್ತಿದ್ದವರು ಆವತ್ತು ಬೆಂಚಿನಿಂದ ಏಳಲಿಲ್ಲ. ಆಗ ಠೇವಣಿ ವಿಮೆ ಒಬ್ಬರಿಗೆ 1 ಲಕ್ಷ ಇತ್ತು. ಮುಂದಿನ ತಿಂಗಳು 5 ಲಕ್ಷ ಆಯಿತು. 2021ರಲ್ಲಿ ಕಾನೂನು ತಿದ್ದಿ, ಇಂಥ ನಿರ್ಬಂಧ ಬಿದ್ದರೆ 90 ದಿನದೊಳಗೆ ಆ 5 ಲಕ್ಷದವರೆಗಿನ ದುಡ್ಡು ಕೊಡಬೇಕು ಅಂತ ಮಾಡಿದರು. ಠೇವಣಿದಾರರು ಸುಮ್ಮನೆ ಕೂರದೆ ಸಭೆ ಮಾಡಿದರು, ಬೀದಿಗೆ ಬಂದರು, ಮಂತ್ರಿಗಳ ಮುಂದೆ ನಿಂತರು. 70 ದಾಟಿದವರು, ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಪಾಸ್‌ಬುಕ್.

ಬೆಳ್ಳಂದೂರು ಬಗ್

"ಇಂಥವರೇ ಹಾಕಿದ್ದಾರೆ" ಅನ್ನುವುದು ನಮ್ಮ ಕಡೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಆಪ್‌ನಲ್ಲಿ ಪಾಠ ಮಾರುತ್ತಿದ್ದ ಬೈಜೂಸ್ ಕಂಪನಿ ನೋಡಿ. 2022ರಲ್ಲಿ ಅದರ ಬೆಲೆ 22 ಬಿಲಿಯನ್ ಡಾಲರ್ ಅಂತ ಪ್ರಪಂಚದ ದೊಡ್ಡ ದೊಡ್ಡ ಫಂಡುಗಳು ಒಪ್ಪಿದ್ದವು. 2023ರ ಜೂನ್‌ನಲ್ಲಿ ಲೆಕ್ಕದ ಕಾಗದ ಸಿಗುತ್ತಿಲ್ಲ ಅಂತ ಆಡಿಟರ್ ಡೆಲಾಯ್ಟ್ ಬಿಟ್ಟು ಹೋಯಿತು. 2024ರ ಜುಲೈನಲ್ಲಿ ಇಲ್ಲೇ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ (ಎನ್‌ಸಿಎಲ್‌ಟಿ) ದಿವಾಳಿ ಪ್ರಕ್ರಿಯೆ ಶುರು ಮಾಡಿತು. ಲೆಕ್ಕ ಎಲ್ಲಿ ಅಂತ ಕೇಳುವ ಕೆಲಸ ಎಲ್ಲರದ್ದೂ ಆಗಿತ್ತು. ಎಲ್ಲರದ್ದೂ ಆಗಿದ್ದರಿಂದ ಯಾರದ್ದೂ ಆಗಲಿಲ್ಲ.

ಬೇಸತ್ತ ಬೆಂಗಳೂರಿಗ

ಇದನ್ನೇ ನಾನೂ ಹೇಳುತ್ತಿರುವುದು! ಬ್ಯಾಂಕು ಹೀಗೆ, ಕಂಪನಿ ಹೀಗೆ, ಇಲಾಖೆ ಹೀಗೆ. ಇನ್ನು ರಾಜಕೀಯ. ಕಂಪನಿ ದುಡ್ಡು ಕೊಡುತ್ತದೆ, ಪಕ್ಷ ತೆಗೆದುಕೊಳ್ಳುತ್ತದೆ. ನಾವು ಇಲ್ಲಿ ಕೀಬೋರ್ಡ್ ಕುಟ್ಟುತ್ತೇವೆ.

ಹತ್ತು ರೂಪಾಯಿ ಅರ್ಜಿ

ಬೇಸತ್ತವರೇ, ನಿಮ್ಮ ಜೊತೆ ನನಗೆ ಜಗಳ ಇರುವುದು ಇಲ್ಲೇ. "ಎಲ್ಲಾ ಕಳ್ಳರೇ" ಅಂದರೆ ನಿಜವಾದ ಕಳ್ಳನಿಗೆ ತುಂಬಾ ಸಂತೋಷ. ಗುಂಪಿನಲ್ಲಿ ಅವನೂ ಒಬ್ಬ. ಅವನ ಹೆಸರು, ತಾರೀಕು, ಮೊತ್ತ ಯಾರೂ ಕೇಳುವುದಿಲ್ಲ.

ಚುನಾವಣಾ ಬಾಂಡ್ ವಿಷಯವನ್ನೇ ನೋಡಿ, ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ದೇಣಿಗೆ ಕೊಡುವ ಕಾಗದ. 2017ರ ಬಜೆಟ್ಟಿನಲ್ಲಿ ಹೇಳಿದರು, 2018ರಲ್ಲಿ ಜಾರಿ ಮಾಡಿದರು. ಯಾರು ಯಾವ ಪಕ್ಷಕ್ಕೆ ಕೊಟ್ಟರು ಅಂತ ಜನಕ್ಕೆ ಗೊತ್ತಾಗುವ ಹಾಗಿಲ್ಲ. ಅದೇ ವರ್ಷ ಒಬ್ಬ ಪತ್ರಕರ್ತೆ ತಾನೇ ಸಾವಿರ ರೂಪಾಯಿಯ ಬಾಂಡ್ ಕೊಂಡು ಲ್ಯಾಬಿಗೆ ಕೊಟ್ಟರು. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಮೂಲೆಯಲ್ಲಿ ಒಂದು ನಂಬರ್ ಕಂಡಿತು, ಬರಿಗಣ್ಣಿಗೆ ಕಾಣದ್ದು. ಅಂದರೆ ಗುಟ್ಟು ಜನರಿಗೆ ಮಾತ್ರ. ಎಲ್ಲಾ ಕಳ್ಳರೇ ಅಂತ ಆಕೆಯೂ ಮಲಗಬಹುದಿತ್ತು.

2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳು ಬಾಂಡ್ ಯೋಜನೆ ರದ್ದು ಮಾಡಿದರು. ಮಾಹಿತಿ ಕೊಡಲು ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಟೈಮ್ ಕೇಳಿತು. ಹೊಂದಿಸುವುದು ಕಷ್ಟ, ಬಹಳ ಕೆಲಸ ಅಂತ. ಮಾರ್ಚ್ 11ಕ್ಕೆ ಕೋರ್ಟು ಆಗಲ್ಲ, ನಾಳೆ ಸಂಜೆಯೊಳಗೆ ಕೊಡಿ ಅಂದಿತು. ಕೊಟ್ಟರು! ಮೂರೂವರೆ ತಿಂಗಳ ಕೆಲಸ ಒಂದೂವರೆ ದಿನದಲ್ಲಿ ಮುಗಿಯಿತು. 14ಕ್ಕೆ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಬಂತು. ನಂಬರುಗಳನ್ನು ಬಿಟ್ಟು ಕೊಟ್ಟಿದ್ದರು, ಅದಕ್ಕೂ ಕೋರ್ಟು ಗದರಿತು, ಅದೂ ಬಂತು. ಅತಿ ಜಾಸ್ತಿ ಕೊಂಡಿದ್ದು ಒಂದು ಲಾಟರಿ ಕಂಪನಿ, 1,368 ಕೋಟಿ.

"ಸಿಸ್ಟಮ್‌ನಲ್ಲಿ ಬರಲ್ಲ" ಅಂತ ಯಾರಾದರೂ ಹೇಳಿದಾಗ ನಾನು ಆ ಮಾರ್ಚ್ 11, 12 ನೆನೆಸಿಕೊಳ್ಳುತ್ತೇನೆ.

ಮೆಟ್ರೋ ಪ್ರಯಾಣಿಕೆ

ಹಾಗಾದರೆ ಮತಯಂತ್ರದ ಮೇಲೆ ಸಂಶಯ ಪಡುವವರನ್ನು ನಾನು ಬೈದಿದ್ದು ತಪ್ಪಾ?

ಹತ್ತು ರೂಪಾಯಿ ಅರ್ಜಿ

ಸಂಶಯ ತಪ್ಪಲ್ಲ, ಆಮೇಲೆ ಏನು ಕೇಳುತ್ತಾರೆ ನೋಡಿ. ಮತಯಂತ್ರ ಮಾಡುವ ಎರಡು ಕಂಪನಿಗಳಲ್ಲಿ ಒಂದು ನಮ್ಮ ಜಾಲಹಳ್ಳಿಯ ಬಿಇಎಲ್. ಬರೀ "ಮೋಸ" ಅಂದರೆ ಅಲ್ಲಿಗೆ ಮುಗಿಯಿತು. ಚೀಟಿ ತೋರಿಸಿ, ಎಣಿಸಿ, ತಾಳೆ ನೋಡಿ ಅಂತ ಬೆನ್ನು ಬಿದ್ದವರಿಂದ, ಹಾಕಿದ ಮತದ ಚೀಟಿ ತೋರಿಸುವ ವಿವಿಪ್ಯಾಟ್ ಯಂತ್ರ ಬಂತು. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 5 ಬೂತಿನ ಚೀಟಿ ತಾಳೆ ನೋಡುತ್ತಾರೆ. ನೂರಕ್ಕೆ ನೂರು ಎಣಿಸಿ ಅನ್ನುವುದನ್ನು 2024ರ ಏಪ್ರಿಲ್‌ನಲ್ಲಿ ಕೋರ್ಟು ಒಪ್ಪಲಿಲ್ಲ. ಸೋತವರು ಯಂತ್ರದ ಚಿಪ್ ಪರೀಕ್ಷೆ ಕೇಳಬಹುದು ಅಂತ ದಾರಿ ಮಾಡಿತು. ನನಗೆ ಇನ್ನೂ ಜಾಸ್ತಿ ಎಣಿಸಬೇಕಿತ್ತು ಅನ್ನಿಸುತ್ತದೆ. ಅದು ಬೇರೆ ಜಗಳ.

ಮೂರು ಚಕ್ರ

ನಮ್ಮ ಏರಿಯಾದಲ್ಲಿ ಕೇಳೋಕೆ ಕಾರ್ಪೊರೇಟರೇ ಇರಲಿಲ್ಲ ಅಲ್ವಾ ಸಾರ್. ಗುಂಡಿ ಮುಚ್ಚಿ ಅಂತ ಯಾರ ಮನೆ ಮುಂದೆ ನಿಲ್ಲೋದು?

ಹತ್ತು ರೂಪಾಯಿ ಅರ್ಜಿ

ಇದು ಎಲ್ಲಕ್ಕಿಂತ ದೊಡ್ಡ ಮಾತು. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಐದು ಮಾಡಿದರು, ಆಗಲೂ ಕೂತಿದ್ದು ಅಧಿಕಾರಿಗಳೇ. ಮೂರು ಪಕ್ಷವೂ ಈ ನಡುವೆ ಒಂದಲ್ಲ ಒಂದು ಕಡೆ ಕೂತು ಬೈದಾಡಿದವು. ಕಾರ್ಪೊರೇಟರ್ ಇಲ್ಲ ಅಂತ ಯಾರ ನಿದ್ದೆಯೂ ಕೆಡಲಿಲ್ಲ.

ಇಂಥ ಹೊತ್ತಿನಲ್ಲೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಅಂತ ಬಂತು, 17,000 ಕೋಟಿಗೂ ಮೇಲೆ. ಅದರ ವರದಿಯಲ್ಲಿ ಮಾಲೇಗಾಂವ್, ನಾಸಿಕ್ ಹೆಸರು ಕೂತಿತ್ತು. ಬೇರೆ ಊರಿನ ವರದಿಯಿಂದ ನಕಲು ಮಾಡುವಾಗ ಅಳಿಸುವುದು ಮರೆತಿದ್ದಾರೆ. ಕಂಡು ಹಿಡಿದಿದ್ದು ಕೂತು ಪುಟ ಪುಟ ಓದಿದವರು.

ಮೆಟ್ರೋ ಪ್ರಯಾಣಿಕೆ

ಸ್ಟೀಲ್ ಬ್ರಿಜ್ ನೆನಪಾಯಿತು! 2016ರ ಅಕ್ಟೋಬರ್ 16, ಭಾನುವಾರ. ನಾನು ಕಾಲೇಜಿನಲ್ಲಿದ್ದೆ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ, 1,791 ಕೋಟಿ, 812 ಮರ ಕಡಿಯಬೇಕು ಅಂತ ಇತ್ತು. ರಸ್ತೆ ಪಕ್ಕ ಕೈ ಕೈ ಹಿಡಿದು ನಿಂತೆವು. ನನ್ನ ಎಡಗಡೆ ಕಾವೇರಿ ಟಾಕೀಸ್ ಹತ್ತಿರದ ಒಬ್ಬರು ಅಜ್ಜಿ, ಬಲಗಡೆ ಸೈಕಲ್ ಹಿಡಿದ ಯಾರೋ. ಅಜ್ಜಿ ಎಲ್ಲರಿಗೂ ಪೆಪ್ಪರ್‌ಮೆಂಟ್ ಹಂಚಿದರು. 2017ರ ಮಾರ್ಚ್ 2ಕ್ಕೆ ಸರ್ಕಾರ ಕೈಬಿಟ್ಟಿತು. ನಾನು ಸಂಶಯ ಬೇಡ ಅಂತ ಶುರು ಮಾಡಿದೆ, ಈಗ ನೋಡಿದರೆ ನಾನೂ ಸಂಶಯ ಪಟ್ಟವಳೇ.

ನಿವೃತ್ತ ಕ್ಯಾಷಿಯರ್

ಬೆಂಗಳೂರಿನವರೇ ಇನ್ನೊಬ್ಬರಿದ್ದರು, ಮರೆಯಬಾರದು. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86. ಸಂಸತ್ತಿನಲ್ಲಿ ಕಾನೂನೇ ಇಲ್ಲದೆ ಎಲ್ಲರ ಬೆರಳಚ್ಚು ಹೇಗೆ ತಗೋತೀರಿ ಅನ್ನುವುದು ಪ್ರಶ್ನೆ. 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಮರುವರ್ಷ ಆಧಾರ್ ಉಳಿಯಿತು, ಆ ಮಟ್ಟಿಗೆ ಅವರು ಸೋತರು. ಆದರೆ ಖಾಸಗಿ ಕಂಪನಿಗಳು ಸಿಮ್ ಕಾರ್ಡಿಗೂ ಆಧಾರ್ ಕೇಳುವುದನ್ನು ಕೋರ್ಟು ತಡೆಯಿತು. 2024ರಲ್ಲಿ ತೀರಿಕೊಂಡರು, 98 ವರ್ಷ.

ಮೇಡಂ, ನಿಮ್ಮ ಪತ್ರ ಏನಾಯಿತು? ಸೀಲು ಹಾಕದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ.

ಮೂರು ಚಕ್ರ

ಸಾರ್, ರಿಜಿಸ್ಟರ್ಡ್ ಪೋಸ್ಟ್ ಈಗ ಬೇರೆಯಾಗಿ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ನಮ್ಮ ತಂಗಿ ಅಂಚೆ ಕಚೇರಿಯಲ್ಲಿದ್ದಾಳೆ.

ನಿವೃತ್ತ ಕ್ಯಾಷಿಯರ್

ಅಯ್ಯೋ. ಅದೂ ಸೇರಿಹೋಯಿತಾ.

ತ್ಯಾಗರಾಜನಗರದವಳು

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರದ ಸುದ್ದಿ ಹೇಳುತ್ತೇನೆ.

ಲಕೋಟೆ ಸಿಕ್ಕಿತು. ಅಮ್ಮ ಅದರಲ್ಲಿ ಕರಿಬೇವಿನ ಬೀಜ ಹಾಕಿಟ್ಟಿದ್ದರು. ಮುದ್ರೆ ಓದಲು ಬರುತ್ತದೆ, 19ನೇ ದಿನ ಆಗಿತ್ತು. ಎರಡು ಪತ್ರ ಬರೆದೆವು. ಬ್ರಾಂಚಿನಲ್ಲಿ ನಕಲಿಗೆ ಸೀಲು ಹಾಕುವುದಿಲ್ಲ, "ಸಿಸ್ಟಮ್‌ನಲ್ಲಿ ಹಾಕಿ" ಅಂದರು. ಸ್ಪೀಡ್ ಪೋಸ್ಟ್ ಮಾಡಿ, ಡೆಲಿವರಿಗೆ ಪುರಾವೆ ತೆಗೆದುಕೊಂಡೆ.

ಬಗ್ ಅವರು ಹೇಳಿದ ಹಾಗೆ ಪೆನ್ಷನ್ ದಿನ ಅಮ್ಮನನ್ನು ಕರೆದುಕೊಂಡು ಬ್ರಾಂಚಿನ ಮುಂದೆ ಒಂದು ಗಂಟೆ ನಿಂತೆ. ಆರು ಜನರನ್ನು ಮಾತಾಡಿಸಿದೆವು. ಇಬ್ಬರ ಹತ್ತಿರ ಇದೇ ಪಾಲಿಸಿ. ಒಬ್ಬರು ಅಜ್ಜನ ಫಾರಂನಲ್ಲೂ ವೃತ್ತಿ ವ್ಯಾಪಾರ, ಆದಾಯ 12 ಲಕ್ಷ. ಎತ್ತರ 5 ಅಡಿ 6 ಇಂಚು. ಅವರು ನಿಜವಾಗಿ ಆರಡಿ ಇದ್ದಾರೆ. ಅವರ ಪತ್ರವನ್ನೂ ನಾನೇ ಬರೆದುಕೊಟ್ಟೆ, ಮೂರನೆಯವರದು ಇವತ್ತು ರಾತ್ರಿ.

ನಿನ್ನೆ ಸಂಜೆ ಮನೆಗೆ ಫೋನ್ ಬಂತು. ವಿಮೆ ಕಂಪನಿಯಿಂದ. ಕ್ಯಾನ್ಸಲ್ ಮಾಡುತ್ತೇವೆ, ಕಂಪ್ಲೇಂಟ್ ವಾಪಸ್ ತಗೋತೀವಿ ಅಂತ ಫೋನಿನಲ್ಲೇ ಹೇಳಿಬಿಡಿ, ರೆಕಾರ್ಡ್ ಆಗುತ್ತದೆ ಅಂದರು. ನಾನು ಅಡುಗೆಮನೆಯಲ್ಲಿದ್ದೆ, ಫೋನ್ ತಗೊಂಡಿದ್ದು ಅಮ್ಮ. ನಾನು ಓಡಿ ಬರುವಷ್ಟರಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು, ಗೋಡೆ ಕ್ಯಾಲೆಂಡರ್ ಇಳಿಸಿ, ಪೆನ್ನು ಹಿಡಿದು ಕೂತಿದ್ದರು.

"ಅದೆಲ್ಲ ಆಮೇಲೆ. ನಿನ್ನ ಪೂರ್ತಿ ಹೆಸರು ಹೇಳಪ್ಪ. ನಿಧಾನವಾಗಿ ಹೇಳು, ಬರ್ಕೋತಾ ಇದ್ದೀನಿ."

ನಿವೃತ್ತ ಕ್ಯಾಷಿಯರ್

ಹೇಳಿದನಾ?

ತ್ಯಾಗರಾಜನಗರದವಳು

ಫೋನ್ ಇಟ್ಟ ಸಾರ್. ಅರ್ಧ ಗಂಟೆ ಬಿಟ್ಟು ಬೇರೆಯವರು ಮಾಡಿದರು. ಅವರು ಹೇಳಿದರು, ಸ್ಪೆಲ್ಲಿಂಗ್ ಸಮೇತ.